ಉಸಿರಾಡುವ ತುಪ್ಪ

ಔಷಧಿ ತುಪ್ಪ ಕಾಸುವ ಮನೆಗೆ ಸೊಸೆಯಾಗಿ ಬಂದವಳಿಗೆ ಒಂದು ವಾರವೂ ಸುಮ್ಮನೆ ಕಳೆಯುವುದಿಲ್ಲ. ಏನಾದರೊಂದು ಆಗುತ್ತಲೇ ಇರುತ್ತದೆ. ಆಗುವಾಗ ಕೈಕಾಲು ತಣ್ಣಗಾಗುತ್ತವೆ, ಆಮೇಲೆ ನೆನೆದರೆ ಸೆರಗು ಬಾಯಿಗೆ ಒತ್ತಿಕೊಂಡು ನಗಬೇಕಾಗುತ್ತದೆ. ನನ್ನದು ಹೆದರಿದಾಗ ಸಿಟ್ಟಿಗೇಳುವ ಸ್ವಭಾವ. ಇಲ್ಲಿ ಹೇಳುವಾಗ ಎಲ್ಲಾದರೂ ನನ್ನ ದನಿ ಏರಿದರೆ, ಅಲ್ಲಿ ನಾನು ಹೆದರಿದ್ದೆ ಎಂದು ತಿಳಿಯಿರಿ.

ನನ್ನ ತವರು ತಿಕೋಂಡಿ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಮರುವರ್ಷ ಸಂಖಕ್ಕೆ ಸೊಸೆಯಾಗಿ ಬಂದೆ. ಮನೆಯಲ್ಲಿ ನಾಲ್ಕೇ ಜನ. ಮಾವನವರು ವೈದ್ಯರು; ಊರವರಿಗೆಲ್ಲ ಅವರು ‘ಅಯ್ಯಾರು’. ಅತ್ತೆ ಅವರ ಬಲಗೈ. ನನ್ನ ಗಂಡ ಸನಮಡಿಯ ಮರಾಠಿ ಸಾಲೆಯಲ್ಲಿ ಮಾಸ್ತರ, ರವಿವಾರ ಮಾತ್ರ ಮನೆಯ ಮುಖ ನೋಡುವವರು. ನಾಲ್ಕನೆಯವಳು ನಾನು.

ನಮ್ಮ ಮನೆಯ ಹೆಸರು ನಿಂತಿದ್ದು ಮೂರು ತುಪ್ಪಗಳ ಮೇಲೆ. ಓದುವ ಮಕ್ಕಳಿಗೆ ಬ್ರಾಹ್ಮಿ ತುಪ್ಪ. ಕಜ್ಜಿ ತುರಿಕೆಗೆ ಬೇವು, ಅಮೃತಬಳ್ಳಿ ಹಾಕಿದ ಕಹಿ ತುಪ್ಪ. ದೆವ್ವ ಹಿಡಿದವರಿಗೆ ಹಳೆ ತುಪ್ಪ. ಆಕಳ ತುಪ್ಪಕ್ಕೆ ಸೊಪ್ಪಿನ ಕಷಾಯ, ಅರೆದ ಬೇರಿನ ಮುದ್ದೆ ಹಾಕಿ ಸೆಗಣಿ ಕುಳ್ಳಿನ ಸಣ್ಣ ಕಾವಿನಲ್ಲಿ ಮೂರು ದಿನ ಕಾಸುತ್ತಾರೆ. ಮೂರನೆಯ ದಿನ ಮಾವನವರು ಆ ಮುದ್ದೆಯಿಂದ ಚೂರು ತೆಗೆದು, ಬೆರಳಲ್ಲಿ ಬತ್ತಿ ಹೊಸೆದು, ಕೆಂಡದ ಮೇಲಿಟ್ಟು ಕಿವಿಗೊಡುತ್ತಿದ್ದರು. ಬತ್ತಿ ಚಟಪಟ ಸಿಡಿದರೆ ತುಪ್ಪದಲ್ಲಿ ಇನ್ನೂ ನೀರಿದೆ. ಸಪ್ಪಳವಿಲ್ಲದೆ ಉರಿದರೆ ತುಪ್ಪ ಹದಕ್ಕೆ ಬಂದಿದೆ. ಆಗ ಅವರು ‘ಆತು’ ಅನ್ನಬೇಕು, ಅತ್ತೆ ತುಪ್ಪದ ಪಾತೇಲಿ ಒಲೆಯಿಂದ ಇಳಿಸಬೇಕು.

ಆ ಒಂದು ಮಾತು ಬರುವತನಕ ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ಕಾಲುಗೆಜ್ಜೆ ಬಿಚ್ಚಿಡಬೇಕು. ಎಮ್ಮೆಯ ಕೊರಳ ಗಂಟೆಗೆ ಅರಿವೆ ಸುತ್ತಬೇಕು. ಬಾಗಿಲು ಅರ್ಧ ಮುಂದೆ ಮಾಡಬೇಕು. ‘ಕಣ್ಣಿಗಿಂತ ಕಿವಿ ನಂಬು’ ಎಂದು ಮಾವನವರು ನನಗೆ ಮೊದಲ ದಿನವೇ ಹೇಳಿದ್ದರು. ನಮ್ಮ ಮನೆಯ ಫಜೀತಿಗಳೆಲ್ಲ ಹುಟ್ಟಿದ್ದು ಈ ಮೌನದಿಂದಲೇ.

೧. ಗೋಡೆಗೆ ಒರಗಿದವಳು

ನಾನು ಬಂದ ಐದನೆಯ ದಿನ. ಓಣಿಯ ಹೆಂಗಸರು ಸೊಸೆಯನ್ನು ನೋಡಲು ಬರುವವರಿದ್ದರು. ಅತ್ತೆ ನನಗೆ ಹೊಸ ಇಳಕಲ್ ಸೀರೆ ಉಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ತಲೆಗೆ ಹೂ ಮುಡಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಅಷ್ಟರಲ್ಲಿ ಒಳಗಿನ ಒಲೆಯ ಮುಂದಿನಿಂದ ಮಾವನವರು ಕೈ ಎತ್ತಿದರು. ಮೌನದ ಹೊತ್ತು ಬಂತು ಅಂತ ಅರ್ಥ. ಅತ್ತೆ ನನಗೆ ಕಣ್ಣಲ್ಲೇ ‘ಅಲುಗಬ್ಯಾಡ’ ಎಂದು ಹೇಳಿ ಒಲೆಯ ಹತ್ತಿರ ಹೋದರು.

ಮೊದಲು ಬಂದವರು ಬಾಜು ಮನೆಯ ಅಕ್ಕ. ಬಾಗಿಲು ಅರ್ಧ ಮುಂದೆ ಮಾಡಿದೆ. ಎಮ್ಮೆಯ ಗಂಟೆಗೆ ಅರಿವೆ ಸುತ್ತಿದೆ. ಒಳಗೆ ಅಯ್ಯಾರು ತಲೆ ಬಗ್ಗಿಸಿ ಕೂತಿದ್ದಾರೆ. ಅತ್ತೆ ಕುಳ್ಳಿನ ಹೊಗೆಗೆ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಪಡಸಾಲೆಯ ಗೋಡೆಗೆ ಒರಗಿ, ಹೊಸ ಸೀರೆ ಉಟ್ಟು, ವಿಭೂತಿ ಧರಿಸಿ, ಹೂ ಮುಡಿದು, ಒಬ್ಬಳು ಅಲುಗದೆ ಕೂತಿದ್ದಾಳೆ.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹೊಸ ಬಟ್ಟೆ ಉಡಿಸಿ, ವಿಭೂತಿ ಹಚ್ಚಿ, ಹೂ ಏರಿಸಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ.

ಅಕ್ಕ ಒಂದು ಗಳಿಗೆ ನಿಂತರು. ಹೊರಗೆ ಹೋಗಿ ಇನ್ನೂ ಮೂವರನ್ನು ಕರೆತಂದರು. ನಾಲ್ವರೂ ನನ್ನ ಮುಂದೆ ಕುಸಿದು ಕೂತು ದನಿ ತೆಗೆದರು.

“ಮೈಮ್ಯಾಲಿನ ಅರಿಷಿಣ ಇನ್ನಾ ಹಾರಿಲ್ಲಲ್ಲೇ ನನ್ನವ್ವಾ, ಎದ್ದ್ ಹೊಂಟ್ಯಲ್ಲೇ.”

“ಎಂಥಾ ಗುಣವಂತಿ ಇದ್ದಿ, ಒಬ್ಬರಿಗಿ ಒಂದ್ ಮಾತ ಅಂದಾಕಿ ಅಲ್ಲ.”

ಆ ನಾಲ್ವರಲ್ಲಿ ಒಬ್ಬರನ್ನೂ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಬಾಯಿ ತೆರೆದರೆ ಮಾವನವರ ಮೂರು ದಿನದ ತುಪ್ಪ ಕೆಡುತ್ತದೆ, ಹೊಸ ಸೊಸೆಯ ಮೇಲೆ ಅಪವಾದ ಬರುತ್ತದೆ. ನಾನು ಎದುರಿನ ಕಂಬ ನೋಡುತ್ತ ಕೂತೆ. ಮೂಗಿನ ಮೇಲೆ ನೊಣ ಕೂತಿತು, ಅದನ್ನೂ ಸಹಿಸಿದೆ. ಬೆಳಕಿಂಡಿಯಿಂದ ಬಿದ್ದ ಬಿಸಿಲು ನನ್ನ ಮಡಿಲಲ್ಲಿತ್ತು, ಆದರೂ ಅದರ ಬಿಸಿ ತಾಗುತ್ತಿಲ್ಲ ಅನ್ನಿಸಿತು. ಒಬ್ಬಾಕೆ ನನ್ನ ಪಾದ ಹಿಡಿದು, “ಎಷ್ಟ್ ಥಣ್ಣಗಾಗ್ಯಾವು” ಎಂದು ಅತ್ತಳು. ನಿಜವಾಗಿಯೂ ತಣ್ಣಗಾಗಿದ್ದವು. ಇನ್ನೊಂದಿಷ್ಟು ಹೊತ್ತು ಆ ಅಳು ಕೇಳಿದ ಮೇಲೆ, ಇವರಿಗೆ ಗೊತ್ತಿರುವುದು ನನಗೇ ಗೊತ್ತಾಗಿಲ್ಲವೇನೋ ಎಂಬ ಅನುಮಾನ ನನಗೂ ಬಂತು.

ಅಷ್ಟು ಗದ್ದಲದ ನಡುವೆಯೂ ಮಾವನವರು ತಿರುಗಿ ನೋಡಲಿಲ್ಲ. ಬತ್ತಿಯನ್ನು ಕೆಂಡದ ಮೇಲಿಟ್ಟು, ತಲೆ ವಾರೆ ಮಾಡಿ ಆಲಿಸಿ, “ಆತು” ಅಂದರು. ಅತ್ತೆ ಪಾತೇಲಿ ಇಳಿಸಿದರು. ಮೌನ ಮುಗಿಯಿತು. ಮನೆಗೆ ಬಂದವರನ್ನು ಉಪಚರಿಸಬೇಕಲ್ಲ, ನಾನು ಸೀರೆ ಸರಿಮಾಡಿಕೊಂಡು ಎದ್ದೆ.

“ಕುಂದ್ರಿ ಅಕ್ಕಾರ, ಚಹಾ ಮಾಡ್ತೀನಿ,” ಅಂದೆ.

ಪಡಸಾಲೆ ಖಾಲಿಯಾಗಲು ಎಷ್ಟು ಹೊತ್ತಾಯಿತು ಎಂದು ಹೇಳಲಾರೆ, ಯಾಕೆಂದರೆ ನಾನು ಸೆರಗು ಹೊದ್ದು ತಿರುಗುವಷ್ಟರಲ್ಲಿ ಯಾರೂ ಇರಲಿಲ್ಲ. ಒಬ್ಬಾಕೆಯ ಚಪ್ಪಲಿ ಎರಡು ವರ್ಷ ನಮ್ಮ ಕಟ್ಟೆಯ ಕೆಳಗೇ ಇತ್ತು. ಒಯ್ಯಲು ಆಕೆ ಬರಲೇ ಇಲ್ಲ.

೨. ಮೂರು ಕೂಗು

ತಿಕೋಂಡಿಯಿಂದ ಕುರಿ ಕಾಯುವ ಒಬ್ಬ ಹಿರಿಯ ನಮ್ಮಲ್ಲಿಗೆ ಬರುತ್ತಿದ್ದ. ತವರೂರಿನವನು, ನನಗೆ ಕಾಕಾ. ಮಾವನವರಿಗೆ ಬೇಕಾದ ಬೇರು ಬಳ್ಳಿಗಳನ್ನು ಅಡವಿಯಲ್ಲಿ ಹುಡುಕಿ ಕಂಬಳಿಯಲ್ಲಿ ಕಟ್ಟಿ ತರುವವನು ಅವನೇ.

ಒಂದು ಬೇಸಿಗೆಯ ನಡು ಮಧ್ಯಾಹ್ನ ಬಂದ. ಹಕ್ಕಿಯೂ ಸಪ್ಪಳ ಮಾಡದ ಹೊತ್ತು. ಓಣಿಯಲ್ಲಿ ಬಿಸಿಲು ಬಿಟ್ಟರೆ ಬೇರೆ ಯಾರೂ ಇಲ್ಲ. ಮಾವನವರು ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಒರಳಲ್ಲಿ ಬೇರು ಕುಟ್ಟುತ್ತಿದ್ದರು.

“ಅಯ್ಯಾರ,” ಅಂದ. ಅವರು ತಿರುಗಲಿಲ್ಲ.

ಅವನಿಗೆ ಆಶ್ಚರ್ಯವಾಗಲಿಲ್ಲ. ಮಟಮಟ ಮಧ್ಯಾಹ್ನ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲ ಕೂಗಿಗೆ ಓಗೊಡಬಾರದು ಎಂದು ನಮ್ಮ ಕಡೆಯವರು ನಂಬುತ್ತಾರೆ. ಎರಡನೆಯದಕ್ಕೂ ಓಗೊಡಬಾರದು. ದೆವ್ವಕ್ಕೆ ಎರಡೇ ಸಲ ಕೂಗಲು ಬರುತ್ತದೆ. ಮೂರನೆಯ ಸಲ ಕೂಗಿದರೆ ಮನುಷ್ಯ.

“ಅಯ್ಯಾರ,” ಅಂದ ಎರಡನೆಯ ಸಲ. ಒನಕೆ ಧಪ್ ಧಪ್ ಎಂದು ಬೀಳುತ್ತಲೇ ಇತ್ತು.

ಅವನು ಗಂಟಲು ಸರಿಮಾಡಿಕೊಂಡು, ಧೈರ್ಯ ತಂದುಕೊಂಡು ಮೂರನೆಯ ಸಲ ಕೂಗಿದ. ಮಾವನವರು ಒರಳಿಗೆ ಇನ್ನೊಂದು ಹಿಡಿ ಬೇರು ಹಾಕಿದರು.

ಆಗ ಕಾಕಾನ ಎದೆ ಝಲ್ ಎಂದಿತು. ಅಯ್ಯಾರು ತಿಳಿದವರು. ಮೂರನೆಯ ಕೂಗಿಗೂ ಓಗೊಡಲಿಲ್ಲ ಎಂದರೆ ಅದಕ್ಕೆ ಕಾರಣ ಇರಲೇಬೇಕು. ಆ ಮಾಘದಲ್ಲಿ ಅವನಿಗೆ ದೊಡ್ಡ ಜ್ವರ ಬಂದು ಮೂರು ದಿನ ಎಚ್ಚರ ತಪ್ಪಿತ್ತು. ಆ ಜ್ವರದಲ್ಲಿ ತಾನು ಉಳಿದೆನೋ ಇಲ್ಲವೋ, ಯಾರನ್ನೂ ಕೇಳಿ ಖಾತ್ರಿ ಮಾಡಿಕೊಂಡಿರಲಿಲ್ಲ. ಪಾದ ನೋಡಿಕೊಂಡ; ಮುಂದೆಯೇ ಇದ್ದವು. ನೆರಳು ನೋಡಿಕೊಂಡ, ಇರಲಿಲ್ಲ. ಸೂರ್ಯ ನೆತ್ತಿಯ ಮೇಲಿದ್ದಾನೆ, ನೆರಳು ಪಾದದಡಿಯಲ್ಲಿ ಅಡಗಿದೆ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ.

ನಾನು ಭಾವಿಯಿಂದ ಕೊಡ ಹೊತ್ತು ಬಂದಾಗ ಅವನು ಬಿಸಿಲಲ್ಲಿ ಕಂಬದಂತೆ ನಿಂತಿದ್ದ, ಕಣ್ಣಲ್ಲಿ ನೀರು.

“ಯಾಕ್ರಿ ಕಾಕಾ, ಬಿಸಲಾಗ ನಿಂತೀರಿ?”

“ಯವ್ವಾ,” ಅಂದ ಮೆಲ್ಲಗೆ, “ನಾ ನಿನಗ ಕಾಣ್ತೀನೇನು?”

“ಕಾಣ್ದ ಏನ್ರಿ? ದಾರೀಗಿ ಅಡ್ಡ ನಿಂತೀರಲ್ಲ, ಸರೀರಿ, ಕೊಡ ಭಾರ ಆಗ್ಯದ.”

ಅವನು ಸರಿಯಲಿಲ್ಲ. ಕೈ ಮುಂದೆ ಚಾಚಿ, “ಒಮ್ಮಿ ಮುಟ್ಟಿ ನೋಡವ್ವಾ,” ಅಂದ. ಮುಟ್ಟಿದೆ. ಕೆಂಡದಂತೆ ಸುಡುತ್ತಿತ್ತು, ಅಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದ. ಒಳಗೆ ಕರೆದು ಮಜ್ಜಿಗೆ ಕೊಟ್ಟೆ. ಎರಡು ತಂಬಿಗೆ ಕುಡಿದ, ಕೆಳಗೆ ನೆಲ ಒದ್ದೆಯಾಗಿದೆಯೋ ಎಂದು ಬಗ್ಗಿ ನೋಡಿದ. ಮಜ್ಜಿಗೆ ಹೊಟ್ಟೆಯಲ್ಲೇ ನಿಂತಿದೆ ಎಂದು ಖಾತ್ರಿಯಾದ ಮೇಲೆ ಗೋಡೆಗೆ ಒರಗಿ ಕೂತು, ಇನ್ನೊಂದು ತಂಬಿಗೆ ಕೇಳಿದ.

೩. ಹಳೆಯ ಗಡಿಗೆ

ಪಡಸಾಲೆಯ ನೆಲದಡಿಯ ಹಗೇವಿನಲ್ಲಿ, ಜೋಳದ ನಡುವೆ, ಒಂದು ಗಡಿಗೆ ಇತ್ತು. ಮಾವನವರ ಅಜ್ಜ ಕಾಸಿ ಇಳಿಸಿ ಹುಗಿದ ತುಪ್ಪ. ತುಪ್ಪ ಹಳೆಯದಾದಷ್ಟೂ ಅದರ ಕಸುವು ಏರುತ್ತದೆ, ತಲೆಗೆ ಏರಿದ್ದನ್ನು ಇಳಿಸುತ್ತದೆ ಎಂದು ಮಾವನವರು ಹೇಳುತ್ತಿದ್ದರು. ನಾನು ಹೇಳುವುದಾದರೆ, ಆ ಗಡಿಗೆಯ ಬಾಯಿ ಬಿಚ್ಚಿದಾಗ ಬರುವ ನಾತಕ್ಕೆ ಅಂಗಳದ ಎಮ್ಮೆ ಹಗ್ಗ ಜಗ್ಗುತ್ತಿತ್ತು.

ಹತ್ತಿರದ ಹಳ್ಳಿಯಿಂದ ಒಬ್ಬ ಹೊಸ ಮದುಮಗಳನ್ನು ಕರೆತಂದರು. ಗಂಡನ ಮನೆಗೆ ಹೊರಡುವ ದಿನ ಬಂದಾಗಲೆಲ್ಲ ಅವಳ ಮೈಮೇಲೆ ಬರುತ್ತಿತ್ತಂತೆ. ಕೂದಲು ಕೆದರಿ, ತಲೆ ತೂಗುತ್ತ, ಗಂಡಸಿನ ಒಡಕು ದನಿಯಲ್ಲಿ ಅವಳು ಮಾತಾಡಿದಾಗ ನಾನು ಬಾಗಿಲ ಚಿಲಕ ಹಿಡಿದು ನಿಂತೆ. ಅಷ್ಟು ಸಣ್ಣ ಹುಡುಗಿಯ ಎದೆಯೊಳಗಿಂದ ಅಂಥ ದನಿ ಬರುವುದನ್ನು ನಾನು ಕೇಳಿರಲಿಲ್ಲ.

“ನಾ ಹೋಗಂಗಿಲ್ಲ. ನಿನ್ನ ಮನಿ ಹಾಳ ಮಾಡ್ತೀನಿ. ನಿನ್ನ ಎದಿ ಮ್ಯಾಲ ಕುಂದರ್ತೀನಿ,” ಎಂದು ದೆವ್ವ ಮಾವನವರಿಗೆ ಹೇಳಿತು.

ಹುಡುಗಿಯ ತಂದೆ ಹಿಂದೆ ಸರಿದ. ಮಾವನವರು ಮಾತ್ರ ಮುಗುಳ್ನಗುತ್ತ, “ಹೌದವ್ವಾ, ಹೌದು,” ಎಂದು ಗಡಿಗೆಯ ಅರಿವೆ ಬಿಚ್ಚತೊಡಗಿದರು. ದೆವ್ವದ ಮುಂದೆ ಇಷ್ಟು ಧೈರ್ಯದ ಮನುಷ್ಯನನ್ನು ತಾನು ಕಂಡಿಲ್ಲ ಎಂದು ಆ ತಂದೆ ಆಮೇಲೆ ಊರೆಲ್ಲ ಹೇಳಿದ. ನಾನೂ ಹಾಗೆಯೇ ಅಂದುಕೊಂಡೆ.

ಗಡಿಗೆಯ ಬಾಯಿ ತೆರೆಯಿತು. ಬತ್ತಿಯ ತುದಿಗೆ ತುಪ್ಪ ಹಚ್ಚಿ ಹುಡುಗಿಯ ಮೂಗಿನ ಹತ್ತಿರ ಹಿಡಿದರು. ತೂಗುವ ತಲೆ ನಿಂತಿತು. ಕೆದರಿದ ಕೂದಲ ನಡುವೆ ಒಂದು ಕಣ್ಣು ತೆರೆಯಿತು. ಒಡಕು ದನಿ ಸಣ್ಣದಾಗಿ, ಬಹಳ ಮರ್ಯಾದೆಯಿಂದ ಹೇಳಿತು: “ಹೋಗ್ತೀನ್ರಿ. ಮೊದ್ಲ ಗಡಿಗೀ ಬಾಯಿ ಮುಚ್ರಿ.”

೪. ಅಳು ಎಲ್ಲಿ ಹೋಯಿತು

ಆ ವರ್ಷ ಶ್ರಾವಣ ಕಳೆದ ಮೇಲೆ ತುಪ್ಪದ ಕೋಣೆಯಲ್ಲಿ ಉಸಿರಾಟ ಶುರುವಾಯಿತು.

ಅದು ಕಿಟಕಿಯಿಲ್ಲದ ಕೋಣೆ. ಮೇಲಿನ ಬೆಳಕಿಂಡಿಯಿಂದ ಕೈಯಗಲ ಬೆಳಕು ಬೀಳುತ್ತದೆ, ಅಷ್ಟೇ. ಬಾಯಿಗೆ ಅರಿವೆ ಕಟ್ಟಿದ ಗಡಿಗೆಗಳು ಸಾಲಾಗಿ ಕೂತಿರುತ್ತವೆ. ಒಂದು ಮಧ್ಯಾಹ್ನ ನಾನು ಕಸ ಹೊಡೆಯುತ್ತಿದ್ದಾಗ ಬೆನ್ನ ಹಿಂದೆ ಯಾರೋ ‘ಹುಸ್ಸ್’ ಎಂದರು. ತಿರುಗಿದೆ, ಯಾರೂ ಇಲ್ಲ. ಒಂದು ಗಡಿಗೆಯ ಬಾಯಿಯ ಅರಿವೆ ಮೆಲ್ಲಗೆ ಉಬ್ಬಿತು, ಮತ್ತೆ ಕುಗ್ಗಿತು. ಸ್ವಲ್ಪ ಹೊತ್ತಿಗೆ ಅದರ ಬಾಜುವಿನದು ಉಬ್ಬಿತು. ಬಹಳ ಹೊತ್ತು ಅತ್ತು ಸುಸ್ತಾದವರು ಬಿಡುವಂಥ ನಿಟ್ಟುಸಿರು. ನಾನು ಕಸಬರಿಗೆ ಅಲ್ಲೇ ಬಿಟ್ಟು ಹೊರಗೆ ಬಂದೆ, ಆ ದಿನವೆಲ್ಲ ಎಲ್ಲರ ಮೇಲೂ ಹರಿಹಾಯ್ದೆ.

ವಾರದೊಳಗೆ ತುಪ್ಪ ಒಯ್ದವರ ಮನೆಗಳಲ್ಲೂ ಅದೇ ಆಯಿತು. ಒಂದು ಮನೆಯಲ್ಲಿ ಹುಡುಗ ಓದಲು ಕೂತಾಗ ಗೋಡೆಯ ಗೂಡಿನಲ್ಲಿಟ್ಟ ಬ್ರಾಹ್ಮಿ ತುಪ್ಪ ನಿಟ್ಟುಸಿರು ಬಿಟ್ಟಿತಂತೆ. ಅವನು ಅಂದಿನಿಂದ ಪುಸ್ತಕ ಮುಟ್ಟಲಿಲ್ಲ. ಒಬ್ಬೊಬ್ಬರೇ ಗಡಿಗೆಗಳನ್ನು ತಂದು, ಕಟ್ಟೆಯ ಮೇಲಿಟ್ಟು, ಹಿಂದೆ ನೋಡದೆ ಹೋದರು.

ಇದಕ್ಕೆ ಕಾರಣ ಹುಡುಕಿದವರು ಬಾಜು ಮನೆಯ ಅಕ್ಕ. ಅಂಗಳದ ಆಚೆಯೇ ನಿಂತು ಅತ್ತೆಗೆ ಹೇಳಿದರು:

“ಆವತ್ತ ನಾವು ನಾಲ್ಕ್ ಮಂದಿ ಮನಸಾರೆ ಅತ್ತೀವಿ. ಸತ್ತವ್ರ ಮುಂದ ಅತ್ತರ ಆ ಅಳು ಅವ್ರ ಸಂಗತೀನ ಮಣ್ಣಿಗಿ ಹೋಗ್ತದ. ನಿಮ್ಮ ಸೊಸಿ ಸಾಯ್ಲಿಲ್ಲ. ಹಂಗಾರ ಆ ಅಳು ಎಲ್ಲಿ ಹೋಗಬೇಕು? ಒಲಿ ಮ್ಯಾಲ ತುಪ್ಪ ಇತ್ತು, ಅದ್ರಾಗ ಹೊಕ್ಕದ.”

ನನಗೆ ಮೈಯೆಲ್ಲ ಉರಿಯಿತು. ನಾನು ಬದುಕಿದ್ದೇ ತಪ್ಪಾಯಿತೇ?  ಆ ದಿನ ಊಟಕ್ಕೆ ಕೂತಾಗ ಅತ್ತೆ ನನ್ನ ಮುಖ ನೋಡದೆ, “ನಾಕ್ ದಿನ ತವರಿಗಿ ಹೋಗಿ ಬಾ ಯವ್ವಾ. ಗಡಿಗಿ ಸುಮ್ಮಾದ ಮ್ಯಾಲ ಕರಸ್ತೀನಿ,” ಅಂದರು. ಗಡಿಗೆ ಸುಮ್ಮನಾಗದಿದ್ದರೆ ಏನು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮ ಓಣಿಯಲ್ಲಿ ಹಾಗೆ ನಾಲ್ಕು ದಿನಕ್ಕೆಂದು ಹೋದ ಒಬ್ಬ ಸೊಸೆ ಹದಿನಾಲ್ಕು ವರ್ಷವಾದರೂ ತಿರುಗಿ ಬಂದಿರಲಿಲ್ಲ. ರವಿವಾರ ಬಂದ ಗಂಡ ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಪರೀಕ್ಷೆಯ ಪೇಪರು ತಿದ್ದಬೇಕು ಎಂದು ಸನಮಡಿಗೆ ಹೊರಟುಬಿಟ್ಟರು.

ಸಿಟ್ಟಿನಲ್ಲಿ ಹೋಗಿ ಒಂದು ಗಡಿಗೆಯ ಅರಿವೆ ಬಿಚ್ಚಿದೆ. ಹುಳಿ ನಾತ. ಮೇಲೆ ಗುಳ್ಳೆ. ಹುಟ್ಟು ಹಾಕಿ ತಳ ಕೆದಕಿದೆ, ಕೆಳಗೆ ನೀರು ನಿಂತಿತ್ತು. ಬೆಣ್ಣೆ ಪೂರಾ ಕಾಯಿಸದೆ ಇಳಿಸಿದರೆ ತುಪ್ಪ ಹೀಗೇ ಹುಳಿತು ಉಬ್ಬುತ್ತದೆ ಎಂದು ತಿಕೋಂಡಿಯಲ್ಲಿ ನನ್ನ ಅವ್ವ ಬೈದು ಬೈದು ಕಲಿಸಿದ್ದಳು. ಇದು ಅಳು ಅಲ್ಲ, ಇದು ಹಸಿ ತುಪ್ಪ. ಹದ ಬರುವ ಮೊದಲೇ ಇಳಿಸಿದ ತುಪ್ಪ.

ಆದರೆ ಹದ ನೋಡುವವರು ಮಾವನವರು. ನಲವತ್ತು ವರ್ಷದಲ್ಲಿ ಅವರ ಮಾತು ಒಮ್ಮೆಯೂ ತಪ್ಪಿರಲಿಲ್ಲ. ಅವರ ಬೆನ್ನ ಹಿಂದೆ ನಿಂತು, “ಮಾವಾರ, ತುಪ್ಪ ಹಸಿ ಇಳದದ್ರಿ,” ಅಂದೆ. ಅವರು ಬೇರು ಆರಿಸುತ್ತಲೇ ಇದ್ದರು. ಇನ್ನೊಮ್ಮೆ ಅಂದೆ. ಮೂರನೆಯ ಸಲ ಅನ್ನಲು ಹೊರಟು ನಿಂತೆ. ಬಿಸಿಲಲ್ಲಿ ನಿಂತ ಕಾಕಾ ಕಣ್ಣ ಮುಂದೆ ಬಂದ. ಎದೆಯ ಮೇಲೆ ಕೂರುತ್ತೇನೆಂದ ದೆವ್ವಕ್ಕೆ ‘ಹೌದವ್ವಾ’ ಅಂದದ್ದು ನೆನಪಾಯಿತು. ನಾಲ್ವರು ಹೆಂಗಸರು ಹಾಡಿ ಅತ್ತರೂ ತಿರುಗಿ ನೋಡದ ಬೆನ್ನು ನೆನಪಾಯಿತು. ನೀರು ತುಂಬಿದ ಹಿತ್ತಾಳೆ ತಂಬಿಗೆಯನ್ನು ಎತ್ತಿ ಅವರ ಹಿಂದೆ ಕಲ್ಲಿನ ಮೇಲೆ ಬಿಟ್ಟೆ.

ಅಂಗಳದಲ್ಲಿ ಎಮ್ಮೆ ಎದ್ದು ನಿಂತಿತು. ಬಾಜು ಮನೆಯ ಕೂಸು ಅಳತೊಡಗಿತು. ಮಾವನವರು ಪಾದಕ್ಕೆ ತಾಗಿದ ನೀರು ನೋಡಿ, ಬೆಳಕಿಂಡಿಯ ಕಡೆ ತಲೆಯೆತ್ತಿ, “ಮಳಿ ಬಂತೇನು?” ಅಂದರು.

೫. ಆತು

ಅತ್ತೆ ಒಂದು ಕೊನೆಯ ಅವಕಾಶ ಕೊಟ್ಟರು. ಹೊಸದಾಗಿ ಬ್ರಾಹ್ಮಿ ತುಪ್ಪ ಕಾಸುವುದು, ಓಣಿಯವರ ಮುಂದೆ ಇಳಿಸುವುದು. ಅದು ಉಸಿರಾಡದಿದ್ದರೆ ನಾನು ಇರಬಹುದು. ಉಸಿರಾಡಿದರೆ ತವರಿಗೆ. ನನ್ನನ್ನು ಒಯ್ಯಲು ಕಾಕಾ ಆಗಲೇ ಬಂಡಿ ಹೂಡಿಕೊಂಡು ಬಂದಿದ್ದ. ಬಂಡಿಯಲ್ಲಿ ನನ್ನ ಟ್ರಂಕು ಇತ್ತು. ನಾನು ಕೂರಲು ಅದರ ಬಾಜುವಿಗೆ ಕಂಬಳಿಯನ್ನೂ ಹಾಸಿದ್ದ.

ಯಾರಿಗಾದರೂ ನಿಜ ಹೇಳಬಹುದಿತ್ತು. ಹೇಳಿದರೆ ನಾನು ಉಳಿಯುತ್ತಿದ್ದೆ, ಮಾವನವರ ವೈದ್ಯಿಕೆ ಅಂದೇ ಮುಗಿಯುತ್ತಿತ್ತು. ಕಿವಿ ನಂಬು ಎಂದು ಹೇಳಿಕೊಟ್ಟ ಮನುಷ್ಯ. ತಮ್ಮ ಕಿವಿ ಹೋದದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ಅದೂ ನನಗೆ ತಿಳಿಯದು. ಮೂರು ದಿನ ಆ ಮಾತು ಬಿಚ್ಚದೆ ಒಲೆಗೆ ಕುಳ್ಳು ಒಟ್ಟಿದೆ.

ಮೂರನೆಯ ದಿನ ಮುಂಜಾನೆ ಪಡಸಾಲೆ ತುಂಬಿತು. ಬಾಜು ಮನೆಯ ಅಕ್ಕ, ಅವತ್ತು ಅತ್ತ ಉಳಿದ ಮೂವರು (ಒಬ್ಬಾಕೆ ಬರಿಗಾಲಲ್ಲಿ), ಕಾಕಾ, ಇನ್ನೂ ನಾಲ್ಕಾರು ಜನ. ಎಲ್ಲರೂ ನನ್ನಿಂದ ಒಂದು ಮಾರು ದೂರ. ಮಾವನವರು ಕೈ ಎತ್ತಿದರು. ಎಮ್ಮೆಯ ಗಂಟೆಗೆ ಅರಿವೆ ಸುತ್ತಿತ್ತು. ಕೂಸುಗಳ ಬಾಯಿಗೆ ಸೆರಗು. ಅಷ್ಟು ಜನ ಕೂತ ಮನೆಯಲ್ಲಿ ಒಂದು ಉಸಿರೂ ಕೇಳದಂತಾದಾಗ, ಇವರೆಲ್ಲ ನಿಜವಾಗಿ ಇದ್ದಾರೋ ಇಲ್ಲವೋ ಎಂದು ನನಗೆ ಅನುಮಾನ ಬಂತು. ಬೆಳಕಿಂಡಿಯ ಬಿಸಿಲಲ್ಲಿ ಹೊಗೆ ಮಾತ್ರ ಅಲುಗುತ್ತಿತ್ತು.

ಮಾವನವರು ಮೊದಲ ಬತ್ತಿ ಹೊಸೆದು ಕೆಂಡದ ಮೇಲಿಟ್ಟರು. ಚಟ್, ಚಟ್ ಎಂದಿತು. ನಾನು ಒಲೆಗೆ ಹತ್ತಿರವಿದ್ದೆ, ನನಗೆ ಸ್ಪಷ್ಟ ಕೇಳಿಸಿತು. ಅವರು ತಲೆ ವಾರೆ ಮಾಡಿ ಆಲಿಸಿದರು. ಬಾಯಿ ತೆರೆದರು.

ಸೆರಗಿನ ಮರೆಯಲ್ಲಿ ಕೈ ಚಾಚಿ ಅವರ ಕಾಲಿನ ಹೆಬ್ಬೆರಳನ್ನು ಒತ್ತಿದೆ. ಸೊಸೆ ಮಾವನನ್ನು ಮುಟ್ಟುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅವರು ತಿರುಗಿ ನೋಡಿದರು. ನಾನು ಕಾಣುವುದೋ ಕಾಣದೋ ಎಂಬಷ್ಟು ತಲೆಯಾಡಿಸಿದೆ. ಅವರು ನನ್ನನ್ನೇ ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕಳವು ಸಿಕ್ಕಿಬಿದ್ದ ಮಗುವಿನ ಮುಖ ಅದು. ಅವರಿಗೆ ಗೊತ್ತಿತ್ತು. ಎಷ್ಟು ದಿನದಿಂದ ಒಬ್ಬರೇ ಆ ಸಪ್ಪಳವಿಲ್ಲದ ಲೋಕದಲ್ಲಿ ಕೂತು, ಕೇಳಿಸಿದವರ ಹಾಗೆ ತಲೆ ವಾರೆ ಮಾಡುತ್ತಿದ್ದರೋ. ನನಗೆ ಅಳು ಬಂತು, ಹೊಗೆಯ ಮೇಲೆ ಹಾಕಿದೆ.

ಅವರು ತೆರೆದ ಬಾಯಿ ಮುಚ್ಚಿದರು. ಎರಡನೆಯ ಬತ್ತಿ ಒಂದೇ ಒಂದು ಸಲ ಸಿಡಿಯಿತು. ತಲೆಯಾಡಿಸಿದೆ. ಮೂರನೆಯದು ದೇವರ ಮುಂದಿನ ದೀಪದ ಹಾಗೆ ಉರಿಯಿತು, ಒಂದಿಷ್ಟೂ ಸಪ್ಪಳವಿಲ್ಲ. ಪಾತೇಲಿಯ ನೊರೆ ಇಳಿದು ತುಪ್ಪದಲ್ಲಿ ತಳ ಕಂಡಿತು. ನಾನು ಹೂಂ ಎಂದು ತಲೆ ಬಗ್ಗಿಸಿದೆ.

ಮಾವನವರು ಸುಮ್ಮನೇ ಕೂತರು. ತಮ್ಮ ಕಿವಿ ಕೇಳದ್ದನ್ನು ಬಾಯಿ ಹೇಳಲು ಒಪ್ಪಲಿಲ್ಲವೋ ಏನೋ. ತುಪ್ಪ ಇನ್ನೊಂದಿಷ್ಟು ಹೊತ್ತು ಒಲೆಯ ಮೇಲಿದ್ದರೆ ಕರಟುತ್ತದೆ, ದೀಪಕ್ಕೂ ಬರುವುದಿಲ್ಲ. ಅತ್ತೆ ಮಾತಿಗಾಗಿ ಕಾಯುತ್ತಿದ್ದಾರೆ. ಓಣಿ ಕಾಯುತ್ತಿದೆ. ಹೊರಗೆ ನನ್ನ ಟ್ರಂಕು ಕಾಯುತ್ತಿದೆ.

ಎದ್ದೆ, ಸೆರಗಿನಿಂದ ಪಾತೇಲಿ ಹಿಡಿದು ಇಳಿಸಿಬಿಟ್ಟೆ.

ಎಲ್ಲರ ಬಾಯಿ ತೆರೆದವು. ಅತ್ತೆಯ ಮುಖ ಬಿಳುಚಿತು. “ಅವ್ರ ಬಾಯಿಂದ ಮಾತ ಬರೂಕಿಂತ ಮೊದ್ಲ ಇಳಿಸಿದ್ಯಾ?” ಅಂದರು.

ಮಾವನವರಿಗೆ ಮಾತು ಕೇಳಿಸಿರಲಿಲ್ಲ. ಆದರೆ ಒಂದು ಡಜನ್ ತೆರೆದ ಬಾಯಿಗಳು ಕಂಡವು. ಅವರು ನಿಧಾನವಾಗಿ ಎದ್ದು ನಿಂತು, ಒಬ್ಬೊಬ್ಬರ ಮುಖ ನೋಡಿ, ಬೇಸರದ ದನಿಯಲ್ಲಿ ಹೇಳಿದರು:

“ಆತು ಅಂದೆ ನಾ. ನಿಮಗ್ಯಾರಿಗೂ ಕೇಳ್ಸಲಿಲ್ಲೇನು?”

 ಮೊದಲು ಬಾಯಿಬಿಟ್ಟವನು ಕಾಕಾ.

“ಕೇಳಸ್ತ್ರಿ ಅಯ್ಯಾರ. ಚಲೋತಂಗ ಕೇಳಸ್ತು.”

“ನನಗೂ ಕೇಳಸ್ತು,” ಅಂದರು ಬಾಜು ಮನೆಯ ಅಕ್ಕ ಲಗುಬಗೆಯಿಂದ. ಬರಿಗಾಲಿನಾಕೆ ಮಾತ್ರ, “ಅವ್ರ ಬಾಯಿ ಅಲಗಲಿಲ್ರವ್ವಾ. ಬಾಯಿ ಅಲಗದನ ಮಾತ ಬಂತು,” ಎಂದು ಕೈಮುಗಿದಳು. ಉಳಿದವರೂ ಕೈಮುಗಿದರು. ಅತ್ತೆಯೂ ಮುಗಿದರು. ಆ ತುಪ್ಪ ಕೋಣೆಯಲ್ಲಿ ಒಂದು ದಿನ ಕೂತಿತು, ಒಂದು ವಾರ ಕೂತಿತು, ಒಂದು ತಿಂಗಳು ಕೂತಿತು. ಉಸಿರಾಡಲಿಲ್ಲ. ಟ್ರಂಕು ಆ ದಿನವೇ ಬಂಡಿಯಿಂದ ಇಳಿದಿತ್ತು. ಅಂದಿನಿಂದ ಒಲೆಯ ಮುಂದೆ ಮಾವನವರ ಮಣೆಯ ಬಾಜುವಿಗೆ ಇನ್ನೊಂದು ಮಣೆ ಬಿತ್ತು. ಅದನ್ನು ಹಾಕಿದವರು ಅವರೇ. ನನಗೆ ಏನೂ ಹೇಳಲಿಲ್ಲ, ಹೆಬ್ಬೆರಳನ್ನು ಮಾತ್ರ ನನ್ನ ಕಡೆಗೆ ಚಾಚಿ ಕೂರುತ್ತಿದ್ದರು.

ಮಾತು ಇಲ್ಲಿಗೆ ಮುಗಿಯಲಿಲ್ಲ. ಆ ತುಪ್ಪ ಇಳಿಸಿದ ಮರುದಿನ ಬೆಳಿಗ್ಗೆ ಕಾಕಾ ಒಬ್ಬನೇ ಬಂದು, ಆಚೀಚೆ ನೋಡಿ, ಮಾವನವರ ಮುಂದೆ ತಲೆ ತಗ್ಗಿಸಿ ಪಿಸುಗುಟ್ಟಿದ: “ಅಯ್ಯಾರ, ಯಾರ ಮುಂದೂ ಅನಬ್ಯಾಡ್ರಿ. ನಿನ್ನಿ ನನಗ ಖರೇನ ಏನೂ ಕೇಳಸ್ಲಿಲ್ರಿ. ಕಿವಿ ಹೋಗ್ಯಾವ ಕಾಣಸ್ತದ.” ಅವನು ಹೋದ ಮೇಲೆ ಬಾಜು ಮನೆಯ ಅಕ್ಕ ಬಂದು ಅದನ್ನೇ ಪಿಸುಗುಟ್ಟಿದರು. ಸಂಜೆಯೊಳಗೆ ನಾಲ್ವರಾದರು.

ಪಿಸುಮಾತು ಮಾವನವರಿಗೆ ಎಲ್ಲಿಂದ ಕೇಳಬೇಕು? ಹೀಗೆ ತಲೆ ತಗ್ಗಿಸಿ, ನಾಚಿ, ಗುಟ್ಟಾಗಿ ಹೇಳುವ ಬೇನೆ ಎಂದರೆ ಅವರ ಲೆಕ್ಕದಲ್ಲಿ ತೊಡೆಸಂದಿಯ ತುರಿಕೆಯೊಂದೇ. “ಹೌದಪ್ಪಾ, ಹೌದು, ವಯಸ್ಸಿಗಿ ಆಗ್ತದ,” ಎಂದು ನಾಲ್ವರಿಗೂ ಕಹಿ ತುಪ್ಪ ಕೊಟ್ಟು, ಮುಂಜಾನೆ ಬರೀ ಹೊಟ್ಟೆಯಲ್ಲಿ ಒಂದು ಚಮಚ ನುಂಗಲು ಹೇಳಿದರು. ನಾನು ಬಾಗಿಲ ಮರೆಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದೆ.

ಮುಂದಿನ ಸಲ ತುಪ್ಪ ಇಳಿಸುವಾಗ ಕಾಕಾ ಮುಂದಿನ ಸಾಲಿನಲ್ಲಿ ಕೂತಿದ್ದ. ಮಾವನವರು ಬತ್ತಿ ಹೊಸೆಯುತ್ತಿದ್ದರು ಅಷ್ಟೇ. ಅವನು ಎದ್ದು ನಿಂತು, ಪಡಸಾಲೆಗೆಲ್ಲ ಕೇಳುವಂತೆ, “ಆತು ಅಂದ್ರು, ಇಳಸ್ರಿ,” ಅಂದ.

“ಇನ್ನಾ ಅಂದಿಲ್ರಿ ಕಾಕಾ,” ಅಂದೆ.

ಅವನು ಹೆಮ್ಮೆಯಿಂದ ಕಿವಿ ಮುಟ್ಟಿಕೊಂಡ. “ಕಹಿ ತುಪ್ಪ ತಗೊಂಡಾಗಿಂದ ಭಾಳ ಚಲೋ ಆಗ್ಯಾವ ಯವ್ವಾ. ಈಗ ಅವ್ರು ಅನ್ನೂಕಿಂತ ಮೊದ್ಲ ನನಗ ಕೇಳಸ್ತದ.”